ರೇಖೆ ಒಂದರದು, ಸಮೀಕರಣ ಇನ್ನೊಂದರದು

ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ, ಲೋಣಾವಳಾ ಸುಮಾರು 620. ಶಿವಾಜಿನಗರದಲ್ಲಿ ಲೋಕಲ್ ಹತ್ತಿದರೆ ಒಂದೂವರೆ ಗಂಟೆಯೊಳಗೆ ತಲುಪುವ ಊರು, ಏರುವುದು ಬರೀ ಅರವತ್ತು ಮೀಟರ್. ಮಳೆಯ ಲೆಕ್ಕ ಮಾತ್ರ ಅಜಗಜಾಂತರ. ಪುಣೆಗೆ ವರ್ಷಕ್ಕೆ 700 ಮಿ.ಮೀ. ಆಸುಪಾಸು, ಲೋಣಾವಳಾಕ್ಕೆ 4000 ಮಿ.ಮೀ.ಗೂ ಮೇಲೆ. ಆಗುಂಬೆಯನ್ನೂ ಶಿವಮೊಗ್ಗವನ್ನೂ ನೋಡಿದವರಿಗೆ ಇದರಲ್ಲಿ ಬಿಡಿಸಿ ಹೇಳುವಂಥದ್ದೇನೂ ಇಲ್ಲ. ಘಟ್ಟಕ್ಕೆ ತಡೆದ ಮೋಡ ಅಲ್ಲೇ ಸುರಿದು ಮುಗಿಸುತ್ತದೆ, ಈಚೆಗೆ ದಾಟುವುದು ಅಳಿದುಳಿದದ್ದು.

ಮುಂಬೈ, ರತ್ನಾಗಿರಿ, ಪಣಜಿ, ಲೋಣಾವಳಾ, ಮಹಾಬಳೇಶ್ವರ ಒಂದು ಕಡೆ; ಪುಣೆ, ಸಾತಾರಾ, ಸಾಂಗ್ಲಿ, ಕನ್ನಡವೂ ಕೇಳಿಬರುವ ಸೊಲ್ಲಾಪುರ ಇನ್ನೊಂದು ಕಡೆ. ಇವನ್ನೆಲ್ಲ ಚುಕ್ಕೆಗಳಾಗಿ ಒಂದೇ ನಕ್ಷೆಯಲ್ಲಿ (ಗ್ರಾಫ್) ಇಟ್ಟು, ಅಡ್ಡಕ್ಕೆ ಎತ್ತರ, ಉದ್ದಕ್ಕೆ ವಾರ್ಷಿಕ ಮಳೆ ಹಾಕಿ ಒಂದೇ ರಿಗ್ರೆಶನ್ ರೇಖೆ, ಅಂದರೆ ಚುಕ್ಕೆಗಳಿಗೆಲ್ಲ ಆದಷ್ಟು ಹೊಂದುವ ಗೆರೆ, ಎಳೆದರೆ ಅದು ಪುಣೆಗೂ ಸುಳ್ಳು, ಲೋಣಾವಳಾಕ್ಕೂ ಸುಳ್ಳು. ಕೊಂಕಣ ಮತ್ತು ಘಟ್ಟದ ಊರುಗಳಿಗೆ ಒಂದು ಬಣ್ಣ, ಇಲ್ಲಿಯವರು ದೇಶ್ ಎನ್ನುವ ಒಳನಾಡಿಗೆ ಇನ್ನೊಂದು ಬಣ್ಣ ಕೊಟ್ಟು ಎರಡು ರೇಖೆ ಎಳೆದಾಗಲೇ ಚಿತ್ರಕ್ಕೊಂದು ಅರ್ಥ. ಮೊದಲನೆಯದು ಮೇಲೇರುತ್ತದೆ, ಎರಡನೆಯದು ನೆಲಕ್ಕಂಟಿಕೊಂಡೇ ಇರುತ್ತದೆ.

ಇಷ್ಟಾದ ಮೇಲೆ ಪ್ರತಿ ರೇಖೆಯ ಪಕ್ಕ ಅದರದರ ಸಮೀಕರಣ ಬರೆಯೋಣ ಅನ್ನಿಸುವುದು ಸಹಜ. ಧಾರವಾಡ, ಬೆಳಗಾವಿ, ಕಲಬುರಗಿ ಕಡೆಯಿಂದ ಪುಣೆಗೆ ಎಂ.ಎಸ್ಸಿ., ಪಿಎಚ್.ಡಿ.ಗೆಂದು ಬಂದವರೂ ಹಿಂಜವಡಿಯ ಆಫೀಸುಗಳಲ್ಲಿ ಡೇಟಾ ಕೆಲಸ ಮಾಡುವವರೂ ಇದನ್ನು ಪದೇಪದೇ ಕೇಳುತ್ತಾರೆ. ಹೇಗೆ ಅನ್ನುವುದಕ್ಕೆ ಉತ್ತರ ಒಂದು ಸಾಲಿನ ಕೋಡ್. ಆದರೆ ಹೆಚ್ಚಿನ ಸಾಫ್ಟ್‌ವೇರ್‌ಗಳಲ್ಲಿ ರೇಖೆ ಎಳೆಯುವ ಲೆಕ್ಕ ಒಂದು, ಸಮೀಕರಣ ಬರೆಯುವ ಲೆಕ್ಕ ಇನ್ನೊಂದು. ಎರಡೂ ಒಂದೇ ಮಾದರಿಯಿಂದ ಬಂದಿವೆ ಎಂದು ಯಾರೂ ಖಾತ್ರಿ ಕೊಡುವುದಿಲ್ಲ, ಅದನ್ನು ನೋಡಿಕೊಳ್ಳಬೇಕಾದವರು ನಾವೇ. ಓದುವವರು ರೇಖೆಯನ್ನು ಕಣ್ಣಲ್ಲಿ ನೋಡಿ ಬಿಡುತ್ತಾರೆ, ಸಮೀಕರಣವನ್ನಾದರೆ ಬರೆದುಕೊಂಡು ಹೋಗಿ ಅದರಲ್ಲಿ ಲೆಕ್ಕ ಹಾಕುತ್ತಾರೆ. ಹಾಗಾಗಿ ರೇಖೆ ತಪ್ಪಿದ್ದಕ್ಕಿಂತ ಸಮೀಕರಣ ತಪ್ಪಿದ್ದು ದುಬಾರಿ.

ಉತ್ತರ ಗೊತ್ತಿರುವ ಡೇಟಾ

ಹೊಸ ವಿಧಾನವನ್ನು ಸ್ವಂತ ಡೇಟಾದ ಮೇಲೆ ಮೊದಲು ಪ್ರಯೋಗಿಸಬಾರದು. ಬಂದ ಉತ್ತರ ಸರಿಯೋ ತಪ್ಪೋ ಅಲ್ಲಿ ತಿಳಿಯುವುದಿಲ್ಲ. ಅಂಕಿಅಂಶಗಳ ಲೆಕ್ಕಕ್ಕೆ ಬಳಸುವ ಆರ್ ಎಂಬ ಸಾಫ್ಟ್‌ವೇರ್ ಜೊತೆಗೇ ಬರುವ ಐರಿಸ್ ಹೂವಿನ ಡೇಟಾ ಇದಕ್ಕೆ ಹೇಳಿ ಮಾಡಿಸಿದ್ದು. ಎಡ್ಗರ್ ಆಂಡರ್ಸನ್ ಅಳೆದು ಕೂಡಿಸಿದ್ದು, ರೊನಾಲ್ಡ್ ಫಿಶರ್ 1936ರ ಲೇಖನದಲ್ಲಿ ಬಳಸಿದ್ದು. ಸೆಟೋಸಾ, ವರ್ಸಿಕಲರ್, ವರ್ಜಿನಿಕಾ ಎಂಬ ಮೂರು ಜಾತಿ, ಒಂದೊಂದರಲ್ಲಿ 50 ಹೂ. ಪುಷ್ಪಪತ್ರದ (ಸೆಪಲ್) ಉದ್ದ ಅಡ್ಡ ಅಕ್ಷಕ್ಕೆ, ಅದರ ಅಗಲ ಲಂಬ ಅಕ್ಷಕ್ಕೆ, ಎರಡೂ ಸೆಂಟಿಮೀಟರಿನಲ್ಲಿ.

ಜಾತಿ ಬೇರೆ ಮಾಡದೆ 150 ಹೂವಿಗೂ ಒಂದೇ ರೇಖೆ ಹಾಕಿದರೆ ಬರುವುದು ಇದು:

ಅಗಲ = 3.42 − 0.0619 × ಉದ್ದ, ಆರ್² = 0.014

ಅಂದರೆ ಉದ್ದ ಹೆಚ್ಚಿದಂತೆ ಅಗಲ ಚೂರು ಕಡಿಮೆಯಾಗುತ್ತದೆ. ಆರ್² ಎಂದರೆ ಅಗಲದ ಏರಿಳಿತದಲ್ಲಿ ರೇಖೆ ವಿವರಿಸುವ ಪಾಲು, ಅದು ಇಷ್ಟು ಸಣ್ಣದಾದ್ದರಿಂದ ಸಂಬಂಧ ಇಲ್ಲವೆಂದರೂ ನಡೆಯುತ್ತದೆ. ಜಾತಿವಾರು ಎಳೆದರೆ:

ಸೆಟೋಸಾ: ಅಗಲ = −0.569 + 0.799 × ಉದ್ದ, ಆರ್² = 0.55
ವರ್ಸಿಕಲರ್: ಅಗಲ = 0.872 + 0.320 × ಉದ್ದ, ಆರ್² = 0.28
ವರ್ಜಿನಿಕಾ: ಅಗಲ = 1.446 + 0.232 × ಉದ್ದ, ಆರ್² = 0.21

ಮೂರೂ ಮೇಲೇರುವ ರೇಖೆಗಳೇ. ಒಟ್ಟು ಡೇಟಾದಲ್ಲಿ ಇಳಿಯುತ್ತಿದ್ದದ್ದು ಗುಂಪುಗಳೊಳಗೆ ಏರುತ್ತದೆ. ಲೋಣಾವಳಾ-ಪುಣೆಯ ಗೊಂದಲವೇ ಇಲ್ಲಿ ಇನ್ನೂ ಹರಿತವಾಗಿ ಕಾಣುತ್ತದೆ. ನೀವು ಬಳಸುವ ವಿಧಾನ ಯಾವುದೇ ಇರಲಿ, ಮೊದಲು ಈ ಮೂರು ಸಾಲು ಅದರಿಂದ ಬರಬೇಕು. ಬಾರದಿದ್ದರೆ ಮುಂದಕ್ಕೆ ಹೋಗಬೇಡಿ.

ಆರ್‌ನಲ್ಲಿ ಚುಕ್ಕೆ, ರೇಖೆಗಳನ್ನು ಪದರ ಪದರವಾಗಿ ಜೋಡಿಸಿ ನಕ್ಷೆ ಮಾಡುವ ಪ್ಯಾಕೇಜ್ ಜಿಜಿಪ್ಲಾಟ್2. ಅದರಲ್ಲಿ ಎಡವುವ ಮೊದಲ ಜಾಗ ಬಣ್ಣ. ಜಾತಿಗೆ ಬಣ್ಣ ಎಂಬ ಜೋಡಣೆಯನ್ನು ಚುಕ್ಕೆ ಇಡುವ ಪದರದೊಳಗೆ ಮಾತ್ರ ಬರೆದರೆ ಚುಕ್ಕೆಗಳು ಮೂರು ಬಣ್ಣವಾಗುತ್ತವೆ, ರೇಖೆ ಮಾತ್ರ ಒಂದೇ ಬರುತ್ತದೆ. ಪ್ರತಿ ಪದರವೂ ತನ್ನ ಗುಂಪುಗಾರಿಕೆಯನ್ನು ತಾನೇ ನೋಡಿಕೊಳ್ಳುವುದರಿಂದ ಹೀಗಾಗುತ್ತದೆ. ಬಣ್ಣದ ಜೋಡಣೆ ಎಲ್ಲಕ್ಕೂ ಮೊದಲಿನ ಜಿಜಿಪ್ಲಾಟ್ ಕರೆಯಲ್ಲಿಯೇ ಇರಬೇಕು, ಆಗ ಚುಕ್ಕೆ, ರೇಖೆ, ಸಮೀಕರಣ ಮೂರೂ ಅದನ್ನು ಪಡೆಯುತ್ತವೆ.

ಎರಡನೆಯದು, ಗುಂಪಿನ ಹೆಸರು ಸಂಖ್ಯೆಯಾಗಿರುವುದು. 2019, 2020, 2021 ಎಂಬ ವರ್ಷಗಳೇ ಗುಂಪುಗಳಾದರೆ ಆರ್ ಅವನ್ನು ಅಳತೆ ಎಂದು ತಿಳಿದು ಗಾಢದಿಂದ ತೆಳುವಿಗೆ ಹೋಗುವ ಒಂದೇ ಬಣ್ಣ ಕೊಡುತ್ತದೆ, ಗುಂಪು ಮಾಡುವುದಿಲ್ಲ. ಅವನ್ನು ಫ್ಯಾಕ್ಟರ್, ಅಂದರೆ ವರ್ಗದ ಹೆಸರುಗಳಾಗಿ ಬದಲಾಯಿಸಿಕೊಳ್ಳಬೇಕು. ಇದರ ಉಲ್ಟಾ ಕಾಟವೂ ಇದೆ. ಬಣ್ಣಕ್ಕೆ ಒಂದು ವರ್ಗ, ಚುಕ್ಕೆಯ ಆಕಾರಕ್ಕೆ ಇನ್ನೊಂದು ವರ್ಗ ಎಂದು ಮೊದಲಲ್ಲೇ ಕೊಟ್ಟರೆ ಎರಡರ ಪ್ರತಿ ಜೋಡಿಯೂ ಒಂದೊಂದು ಗುಂಪಾಗುತ್ತದೆ. ಮೂರು ರೇಖೆ ಬೇಕಿದ್ದ ಕಡೆ ಒಂಬತ್ತು ಹುಟ್ಟುತ್ತವೆ, ಎರಡೇ ಚುಕ್ಕೆ ಇರುವ ಬಡ ಗುಂಪಿಗೆ ಆರ್² = 1 ಎಂಬ ರಾಜಮರ್ಯಾದೆ ಸಿಗುತ್ತದೆ. ಸಮೀಕರಣದ ಜೊತೆ ಚುಕ್ಕೆಗಳ ಸಂಖ್ಯೆಯನ್ನೂ ಅಚ್ಚು ಹಾಕಿಸುವ ಅಭ್ಯಾಸವಿದ್ದರೆ ಇದು ಕೂಡಲೇ ಬಯಲಾಗುತ್ತದೆ.

ಇನ್ನು ರೇಖೆ. ಅದನ್ನು ಎಳೆಯುವ ಜಿಯಾಮ್_ಸ್ಮೂದ್ ಪದರ, ತನ್ನಷ್ಟಕ್ಕೆ ಬಿಟ್ಟರೆ, ಸರಳ ರೇಖೆ ಎಳೆಯುವುದಿಲ್ಲ. ದೊಡ್ಡ ಗುಂಪಿನಲ್ಲಿ 1000ಕ್ಕಿಂತ ಕಡಿಮೆ ಚುಕ್ಕೆ ಇದ್ದರೆ ಲೋಎಸ್ ಎಂಬ ಬಾಗುವ ರೇಖೆ, ಅದಕ್ಕಿಂತ ಹೆಚ್ಚಿದ್ದರೆ ಗ್ಯಾಮ್ ಎಂಬ ಇನ್ನೊಂದು ಬಾಗುವ ರೇಖೆ. ವಿಧಾನ ಎಲ್‌ಎಮ್ (ಸರಳ ರೇಖೆ ಹೊಂದಿಸುವ ಫಂಕ್ಷನ್) ಎಂದು ಬಾಯಿಬಿಟ್ಟು ಹೇಳಬೇಕು. ಹೇಳದೆ ಮೇಲೆ ಸಮೀಕರಣ ಮಾತ್ರ ಅಂಟಿಸಿದರೆ ಬಾಗಿದ ರೇಖೆಯ ಪಕ್ಕದಲ್ಲಿ ನೇರ ರೇಖೆಯ ಸಮೀಕರಣ ಕೂತಿರುತ್ತದೆ.

ಸಮೀಕರಣ ಬರೆಸಲು ಬಳಕೆಯಲ್ಲಿರುವ ಪ್ಯಾಕೇಜ್ ಎರಡು. ಜಿಜಿಪಬ್‌ಆರ್‌ನಲ್ಲಿ ಸ್ಟ್ಯಾಟ್_ರೆಗ್‌ಲೈನ್_ಇಕ್ವೇಶನ್ ಇದೆ, ಗಡಿಬಿಡಿಯ ಕೆಲಸಕ್ಕೆ ಅದು ಸಾಕು. ಪ್ರಬಂಧಕ್ಕೆ ಹಾಕುವ ನಕ್ಷೆಯಾದರೆ ಜಿಜಿಪಿಮಿಸ್ಕ್ ಮೇಲು. ಅದರಲ್ಲಿ ರೇಖೆಗೆ ಸ್ಟ್ಯಾಟ್_ಪಾಲಿ_ಲೈನ್, ಸಮೀಕರಣಕ್ಕೆ ಸ್ಟ್ಯಾಟ್_ಪಾಲಿ_ಇಕ್ಯೂ ಎಂಬ ಜೋಡಿಯಿದೆ. ಯೂಸ್_ಲೇಬಲ್ ಎಂಬ ಸಹಾಯಕನಿಗೆ ಸಮೀಕರಣ, ಆರ್², ಪಿ ಮೌಲ್ಯ, ಚುಕ್ಕೆಗಳ ಸಂಖ್ಯೆ ಇವುಗಳಲ್ಲಿ ಏನೇನು ಬೇಕೆಂದು ಹೇಳಿದರೆ ಒಂದೇ ಸಾಲಾಗಿ ಜೋಡಿಸಿ ಕೊಡುತ್ತದೆ. ಜೋಡಿಯಾಗಿದ್ದರೂ ಇವೆರಡು ಒಂದನ್ನೊಂದು ಕೇಳಿಕೊಳ್ಳುವುದಿಲ್ಲ. ಒಂದಕ್ಕೆ ವರ್ಗ ಪದವಿರುವ ಸೂತ್ರ, ಇನ್ನೊಂದಕ್ಕೆ ಸರಳ ಸೂತ್ರ ಕೊಟ್ಟರೆ ಎರಡೂ ಚಕಾರವೆತ್ತದೆ ತಮ್ಮ ಪಾಡಿಗೆ ಕೆಲಸ ಮುಗಿಸುತ್ತವೆ. ಆದ್ದರಿಂದ ಸೂತ್ರವನ್ನು ಮೇಲ್ಗಡೆ ಒಂದು ಹೆಸರಿನಲ್ಲಿ ಇಟ್ಟುಕೊಂಡು ಎರಡಕ್ಕೂ ಆ ಹೆಸರನ್ನೇ ಕೊಡಿ, ಸೂತ್ರವನ್ನು ಎರಡು ಕಡೆ ಟೈಪ್ ಮಾಡಬೇಡಿ. ಬಹುಪದ ಬೇಕಾದರೆ ಪಾಲಿ ಫಂಕ್ಷನ್ನಿಗೆ ರಾ ಎಂಬುದನ್ನು ಟ್ರೂ ಮಾಡಿರಬೇಕು. ಇಲ್ಲದಿದ್ದರೆ ಬರುವುದು ಲಂಬಕೋನೀಯ ಬಹುಪದಗಳ ಸಹಗುಣಕ. ರೇಖೆಯೇನೋ ಸರಿಯಾಗಿಯೇ ಇರುತ್ತದೆ, ಆದರೆ ಆ ಅಂಕಿಗಳಿಗೆ ನಿಮ್ಮ ಉದ್ದ ಹಾಕಿ ಲೆಕ್ಕ ಮಾಡಿದರೆ ಏನೂ ಹೊಂದುವುದಿಲ್ಲ.

ಟೇಬಲ್ಲಿನಲ್ಲಿ ಒಂದು, ನಕ್ಷೆಯಲ್ಲಿ ಒಂದು

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ, ಪ್ರಬಂಧಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪೂ ಇಲ್ಲಿಯದೇ.

ಜಿಜಿಪ್ಲಾಟ್ ಗುಂಪು ಮಾಡಿ ಎಳೆದಾಗ ಪ್ರತಿ ಗುಂಪಿಗೂ ಬೇರೆಯೇ ರಿಗ್ರೆಶನ್ ನಡೆಯುತ್ತದೆ. ಪ್ರತಿ ರೇಖೆಗೂ ತನ್ನದೇ ಇಳಿಜಾರು, ತನ್ನದೇ ಇಂಟರ್‌ಸೆಪ್ಟ್ (ಅಡ್ಡ ಅಕ್ಷದ ಬೆಲೆ ಸೊನ್ನೆಯಾದಾಗ ರೇಖೆ ಕೊಡುವ ಬೆಲೆ). ಆದರೆ ಪ್ರಬಂಧದ ಟೇಬಲ್ಲಿನಲ್ಲಿ ಎಷ್ಟೋ ಸಲ ಇರುವುದು ಆಂಕೋವಾ, ಅಂದರೆ ಎಲ್ಲ ಗುಂಪಿಗೂ ಒಂದೇ ಇಳಿಜಾರು, ಇಂಟರ್‌ಸೆಪ್ಟ್ ಮಾತ್ರ ಬೇರೆ. ಐರಿಸ್‌ಗೆ ಆ ಮಾದರಿ ಹಾಕಿದರೆ ಮೂರೂ ಜಾತಿಗೆ ಇಳಿಜಾರು 0.350. ಇಂಟರ್‌ಸೆಪ್ಟ್ ಸೆಟೋಸಾಕ್ಕೆ 1.68, ವರ್ಸಿಕಲರ್‌ಗೆ 0.693, ವರ್ಜಿನಿಕಾಕ್ಕೆ 0.669. ಮೇಲಿನ ಮೂರು ಸಮೀಕರಣಗಳ ಪಕ್ಕ ಇಟ್ಟು ನೋಡಿ. ಸೆಟೋಸಾದ ಇಳಿಜಾರು 0.799 ಇದ್ದದ್ದು ಅರ್ಧಕ್ಕೂ ಕೆಳಗಿಳಿದಿದೆ. ಟೇಬಲ್ಲಿನಲ್ಲಿ 0.350 ಎಂದಿದ್ದು ನಕ್ಷೆಯಲ್ಲಿ ಸಮಾನಾಂತರವಲ್ಲದ ಮೂರು ರೇಖೆ ಇದ್ದರೆ ವೈವಾದಲ್ಲಿ ಕೂತ ಪರೀಕ್ಷಕರು ಮೊದಲು ಕೇಳುವುದೇ ಅದನ್ನು.

ಸಮಾನಾಂತರ ಮಾದರಿಯನ್ನು ತೋರಿಸಬೇಕಿದ್ದರೆ ಜಿಯಾಮ್_ಸ್ಮೂದ್ ಬಿಟ್ಟುಬಿಡಿ. ಎಲ್‌ಎಮ್‌ನಿಂದ ಮಾದರಿಯನ್ನು ಹೊರಗಡೆಯೇ ಹೊಂದಿಸಿ. ಪ್ರತಿ ಗುಂಪಿಗೂ ಅದರ ಕನಿಷ್ಠ ಉದ್ದದಿಂದ ಗರಿಷ್ಠ ಉದ್ದದವರೆಗಿನ ಒಂದು ಪಟ್ಟಿ ಮಾಡಿ, ಪ್ರಿಡಿಕ್ಟ್‌ನಿಂದ ಅಗಲ ತೆಗೆದು ಜಿಯಾಮ್_ಲೈನ್‌ನಿಂದ ಎಳೆಯಿರಿ. ಲೇಬಲ್ಲನ್ನೂ ಅದೇ ಮಾದರಿಯ ಸಹಗುಣಕಗಳಿಂದ ಕಟ್ಟಿ. ರೇಖೆ, ಲೇಬಲ್, ಟೇಬಲ್ ಮೂರಕ್ಕೂ ಮೂಲ ಒಂದೇ ಆಗುತ್ತದೆ. ಹತ್ತು ಸಾಲು ಕೋಡ್ ಹೆಚ್ಚು, ಆದರೆ ತಲೆನೋವು ಅಲ್ಲಿಗೆ ಮುಗಿಯುತ್ತದೆ.

ಇಳಿಜಾರೂ ಬೇರೆಬೇರೆ ಇರುವ ಮಾದರಿಯನ್ನು ಒಂದೇ ಎಲ್‌ಎಮ್‌ನಲ್ಲಿ ಹೊಂದಿಸಿದಾಗ ಇನ್ನೊಂದು ಗುಂಡಿ. ಸಾರಾಂಶದ ಪಟ್ಟಿಯಲ್ಲಿ ವರ್ಸಿಕಲರ್ ಎದುರು 1.44 ಎಂದೂ ಉದ್ದ-ವರ್ಸಿಕಲರ್ ಎದುರು −0.479 ಎಂದೂ ಬರುತ್ತದೆ. ನೋಡಿದವರು ಅದನ್ನೇ ವರ್ಸಿಕಲರ್‌ನ ಸಮೀಕರಣ ಎಂದು ನಕ್ಷೆಯ ಮೇಲೆ ಬರೆದುಬಿಡುತ್ತಾರೆ, ಏರುತ್ತಿರುವ ರೇಖೆಯ ಪಕ್ಕ ಇಳಿಯುವ ಸಮೀಕರಣ! ಅವು ಸೆಟೋಸಾದಿಂದ ಇರುವ ವ್ಯತ್ಯಾಸಗಳು. ಸೆಟೋಸಾದ −0.569ಕ್ಕೆ 1.44 ಕೂಡಿಸಿದರೆ (ಅಂಕಿ ಕತ್ತರಿಸದೆ) 0.872, ಅದರ 0.799ರಿಂದ 0.479 ಕಳೆದರೆ 0.320. ಕೂಡಿಸಿ ಕಳೆಯುವ ಗೋಜು ಬೇಡವೆಂದರೆ ಸೂತ್ರವನ್ನು ಬೇರೆ ರೀತಿ ಬರೆಯಬಹುದು. ಸೊನ್ನೆ, ಕೂಡು ಜಾತಿ, ಕೂಡು ಜಾತಿ-ಉದ್ದದ ಜೋಡಿ ಎಂದು ಕೊಟ್ಟರೆ ಪ್ರತಿ ಜಾತಿಯ ಇಂಟರ್‌ಸೆಪ್ಟ್ ಮತ್ತು ಇಳಿಜಾರು ನೇರವಾಗಿ ಬರುತ್ತವೆ. ಅದರ ಜೊತೆ ಅಚ್ಚಾಗುವ ಆರ್² ಮಾತ್ರ ಮುಟ್ಟಬೇಡಿ. ಸೂತ್ರದಲ್ಲಿ ಸಾಮಾನ್ಯ ಇಂಟರ್‌ಸೆಪ್ಟ್ ಇಲ್ಲವಾದಾಗ ಆರ್ ಅದನ್ನು ಸರಾಸರಿಯಿಂದಲ್ಲ, ಸೊನ್ನೆಯಿಂದ ಅಳೆಯುತ್ತದೆ. ಹಾಗಾಗಿ ಎಂಥ ಪೊಳ್ಳು ಸಂಬಂಧಕ್ಕೂ 0.99ರಂಥ ಅಂಕಿ ಬಂದು ಕೂರಬಹುದು.

ಗುಂಪುವಾರು ಹೊಂದಿಸಿದರೂ ಒಂದೇ ಮಾದರಿಯಲ್ಲಿ ಬೇರೆ ಇಳಿಜಾರು ಕೊಟ್ಟು ಹೊಂದಿಸಿದರೂ ಸಹಗುಣಕ ಅವವೇ ಬರುತ್ತವೆ. ಆದರೆ ಸ್ಟ್ಯಾಂಡರ್ಡ್ ಎರರ್, ಅಂದರೆ ಆ ಅಂದಾಜು ಎಷ್ಟು ಅಲುಗಾಡಬಹುದೆಂಬ ಅಳತೆ, ಅದೇ ಅಲ್ಲ. ಒಂದೇ ಮಾದರಿಯಲ್ಲಿ ಉಳಿಕೆಯ (ಚುಕ್ಕೆಗೂ ರೇಖೆಗೂ ಇರುವ ಅಂತರದ) ಏರಿಳಿತವನ್ನು ಎಲ್ಲ ಗುಂಪಿಗೂ ಸೇರಿಸಿ ಅಂದಾಜಿಸಲಾಗುತ್ತದೆ. ನಕ್ಷೆಯ ಬೂದು ಪಟ್ಟಿಯೂ ಟೇಬಲ್ಲಿನ ವಿಶ್ವಾಸಾಂತರವೂ ತಾಳೆಯಾಗದಿರುವುದಕ್ಕೆ ಸಾಮಾನ್ಯವಾಗಿ ಕಾರಣ ಇದು.

ಅಂಕಿ, ಚಿಹ್ನೆ, ಸೊನ್ನೆ

ಲೇಬಲ್ಲನ್ನು ಕೈಯಾರೆ ಕಟ್ಟುವವರು ಇಂಟರ್‌ಸೆಪ್ಟ್, ಕೂಡು ಚಿಹ್ನೆ, ಇಳಿಜಾರು ಎಂದು ಅಂಟಿಸುತ್ತಾರೆ. ಇಳಿಜಾರು ಋಣವಾದ ದಿನ 3.42 + −0.0619 ಎಂದು ಅಚ್ಚಾಗುತ್ತದೆ. ಇಳಿಜಾರಿನ ಚಿಹ್ನೆ ನೋಡಿ ಕೂಡು ಅಥವಾ ಕಳೆ ಆರಿಸಿ, ಅಂಕಿಗೆ ಋಣ ಚಿಹ್ನೆ ತೆಗೆಯುವ ಎಬಿಎಸ್ ಹಾಕಬೇಕು.

ಎಷ್ಟು ಅಂಕಿ ಬರೆಯಬೇಕು ಎಂಬುದು ಅಲಂಕಾರದ ಪ್ರಶ್ನೆಯಲ್ಲ. ದಶಮಾಂಶದ ಮುಂದೆ ಎರಡೇ ಸ್ಥಾನ ಎಂಬ ನಿಯಮ ಇಟ್ಟುಕೊಂಡವರ ನಕ್ಷೆಯಲ್ಲಿ 0.0004ರ ಇಳಿಜಾರು 0.00 ಆಗಿರುತ್ತದೆ. ಸ್ಥಾನ ಎಣಿಸದೆ ಸಾರ್ಥಕ ಅಂಕಿ ಎಣಿಸಬೇಕು, ಮೂರು ಸಾಮಾನ್ಯವಾಗಿ ಸಾಕು. ಅಡ್ಡ ಅಕ್ಷದಲ್ಲಿ ವರ್ಷ ಇದ್ದರೆ ಮೂರೂ ಸಾಲದೆ ಹೋಗಬಹುದು. ಇಂಟರ್‌ಸೆಪ್ಟ್ −40.1, ಇಳಿಜಾರು ವರ್ಷಕ್ಕೆ 0.0234 ಎಂದಿಟ್ಟುಕೊಳ್ಳಿ. 2000ನೇ ಇಸವಿಗೆ ಬೆಲೆ 46.8 − 40.1, ಅಂದರೆ 6.7. ಇಳಿಜಾರನ್ನು 0.02 ಎಂದು ಕತ್ತರಿಸಿದರೆ 40 − 40.1, ಅಂದರೆ −0.1. ನಕ್ಷೆಯ ರೇಖೆ 6.7ರಲ್ಲಿ ಹೋಗುತ್ತಿದೆ, ಪಕ್ಕದ ಸಮೀಕರಣ ಸೊನ್ನೆಗಿಂತ ಕೆಳಗೆ ಹೇಳುತ್ತಿದೆ. ದಾರಿ ಸುಲಭದ್ದಿದೆ: ವರ್ಷದಿಂದ 2000 ಕಳೆದು ಹೊಂದಿಸಿ. ಆಗ ಸಮೀಕರಣ 6.7 + 0.0234 × (ವರ್ಷ − 2000) ಆಗುತ್ತದೆ, ಅಂಕಿ ಕತ್ತರಿಸಿದರೂ ಕುಸಿಯುವುದಿಲ್ಲ, ಇಂಟರ್‌ಸೆಪ್ಟಿಗೂ ಒಂದು ಅರ್ಥ ಬರುತ್ತದೆ.

ಐರಿಸ್‌ನಲ್ಲೂ ಅಷ್ಟೇ. ಸೆಟೋಸಾದ ಇಂಟರ್‌ಸೆಪ್ಟ್ −0.569 ಎಂದರೆ ಉದ್ದವೇ ಇಲ್ಲದ ಪುಷ್ಪಪತ್ರದ ಅಗಲ. ಉದ್ದದಿಂದ 5 ಸೆಂ.ಮೀ. ಕಳೆದು ಬರೆದರೆ ಮೂರು ಇಂಟರ್‌ಸೆಪ್ಟ್ 3.42, 2.47, 2.61 ಆಗುತ್ತವೆ, 5 ಸೆಂ.ಮೀ. ಉದ್ದದ ಹೂವಿನಲ್ಲಿ ಮೂರು ಜಾತಿಯ ನಿರೀಕ್ಷಿತ ಅಗಲ. ಈಗ ಅವನ್ನು ಒಂದಕ್ಕೊಂದು ಹೋಲಿಸಬಹುದು.

ಕೊನೆಯ ಸೊನ್ನೆಗಳ ಕಥೆ ಬೇರೆ. ಫ್ರಾನ್ಸಿಸ್ ಆನ್ಸ್‌ಕೋಂಬ್ 1973ರಲ್ಲಿ ಕೊಟ್ಟ ನಾಲ್ಕು ಡೇಟಾ ಸೆಟ್ ಎಲ್ಲರಿಗೂ ಗೊತ್ತು: ಒಂದೊಂದರಲ್ಲಿ 11 ಚುಕ್ಕೆ, ನಾಲ್ಕಕ್ಕೂ ಇಂಟರ್‌ಸೆಪ್ಟ್ 3.00, ಇಳಿಜಾರು 0.500, ಆರ್² 0.67. ಒಂದು ನೆಟ್ಟಗಿದೆ, ಒಂದು ಬಾಗಿದೆ, ಒಂದರಲ್ಲಿ ಒಂದು ಚುಕ್ಕೆ ದಾರಿ ತಪ್ಪಿದೆ, ಇನ್ನೊಂದರಲ್ಲಿ ಒಂದೇ ಚುಕ್ಕೆ ಇಡೀ ರೇಖೆಯನ್ನು ಎಳೆದು ನಿಲ್ಲಿಸಿದೆ. ಲೇಬಲ್ ಮಾತ್ರ ಪಡಿಯಚ್ಚು, ಆದ್ದರಿಂದ ಸಮೀಕರಣ ಬರೆದೆವೆಂದು ಚುಕ್ಕೆಗಳನ್ನು ತೆಗೆಯುವ ಹಾಗಿಲ್ಲ. ಈ ನಾಲ್ಕಕ್ಕೆ ಲೇಬಲ್ ಕಟ್ಟುವಾಗ ಆರ್‌ನ ಗಣಿತ ಬರವಣಿಗೆ, ಅಂದರೆ ಪ್ಲಾಟ್‌ಮ್ಯಾತ್, 3.00 ಅನ್ನು 3 ಮಾಡಿ, 0.500 ಅನ್ನು 0.5 ಮಾಡಿ ಬರೆಯುತ್ತದೆ. ಪಾರ್ಸ್ ಆಗುವಾಗ, ಅಂದರೆ ಆರ್ ಪಠ್ಯವನ್ನು ಸೂತ್ರವಾಗಿ ಓದುವಾಗ, ಅದು ಸಂಖ್ಯೆಯಾಗುತ್ತದೆ, ಸಂಖ್ಯೆಗೆ ಕೊನೆಯ ಸೊನ್ನೆಯ ನೆನಪಿಲ್ಲ. ಅಂಕಿಗಳನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಪಠ್ಯವಾಗಿ ಕಳಿಸಿದರೆ ಉಳಿಯುತ್ತವೆ.

944 ಮಿ.ಮೀ.ನ ಒಂದು ಚುಕ್ಕೆ

ಮುಂಬೈಯಲ್ಲಿ ಹವಾಮಾನ ಇಲಾಖೆಯ ಎರಡು ಮುಖ್ಯ ಮಾಪನ ಕೇಂದ್ರಗಳಿವೆ, ಕೊಲಾಬಾ ಮತ್ತು ಸಾಂತಾಕ್ರೂಜ್. ಎರಡರ ದಿನವಹಿ ಮಳೆಯನ್ನು ಎದುರುಬದುರು ಇಟ್ಟು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳನ್ನು ನಾಲ್ಕು ಗುಂಪು ಮಾಡಿ, ನಾಲ್ಕು ರೇಖೆಗೂ ಸಮೀಕರಣ ಬರೆಯುವುದು ಒಳ್ಳೆಯ ಅಭ್ಯಾಸ. ಡೇಟಾದಲ್ಲಿ 2005 ಇದ್ದರೆ ಜುಲೈ ಗುಂಪಿಗೆ 26ನೇ ತಾರೀಕು ಸೇರುತ್ತದೆ. ಆ 24 ಗಂಟೆಯಲ್ಲಿ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ., ಕೊಲಾಬಾದಲ್ಲಿ ಸುಮಾರು 74 ಮಿ.ಮೀ.

ಅದು ಟೈಪಿಂಗ್ ತಪ್ಪಲ್ಲ, ಅವತ್ತು ಮುಂಬೈಯಲ್ಲಿ ಇದ್ದವರನ್ನು ಕೇಳಿದರೆ ಹೇಳುತ್ತಾರೆ. ಆದರೆ ಆ ಒಂದು ಚುಕ್ಕೆ ಜುಲೈ ಸಮೀಕರಣಕ್ಕೆ ಏನು ಮಾಡುತ್ತದೆ ಎಂಬುದು ಯಾವ ಕೇಂದ್ರವನ್ನು ಅಡ್ಡಕ್ಕೆ ಇಟ್ಟಿರಿ ಎಂಬುದರ ಮೇಲಿದೆ. ಕೊಲಾಬಾ ಅಡ್ಡಕ್ಕಿದ್ದರೆ 74 ಎಂಬುದು ಮಳೆಗಾಲದಲ್ಲಿ ಅಪರೂಪವೇನಲ್ಲ, ಚುಕ್ಕೆ ರೇಖೆಯ ಮೇಲೆ ಬಹು ದೂರ ತೇಲುತ್ತದೆ. ಉಳಿಕೆ ದೊಡ್ಡದಾಗಿ ಆರ್² ಕುಸಿಯುತ್ತದೆ, ಇಳಿಜಾರು ಒಂದಷ್ಟು ಮೇಲೇಳುತ್ತದೆ. ಸಾಂತಾಕ್ರೂಜ್ ಅಡ್ಡಕ್ಕಿದ್ದರೆ 944 ಉಳಿದೆಲ್ಲ ದಿನಗಳಿಂದ ದೂರ ಬಲತುದಿಗೆ ಹೋಗಿ ಕೂರುತ್ತದೆ, ಉದ್ದನೆಯ ಸನ್ನೆಗೋಲಿನ ತುದಿಯಲ್ಲಿ ಕೂತವನಂತೆ ಇಡೀ ರೇಖೆಯನ್ನು ಕೆಳಕ್ಕೆ ಒತ್ತುತ್ತದೆ. ನಾಲ್ಕು ರೇಖೆಯಲ್ಲಿ ಜುಲೈಯದು ಮಾತ್ರ ಚಪ್ಪಟೆಯಾಗಿ, "ಜುಲೈಯಲ್ಲಿ ಎರಡು ಕೇಂದ್ರಗಳ ಸಂಬಂಧವೇ ಬೇರೆ" ಎಂಬ ತೀರ್ಮಾನಕ್ಕೆ ಯಾರೋ ಬಂದುಬಿಡುತ್ತಾರೆ.

ಇನ್ನೊಂದು ಅಪಾಯ ಇದಕ್ಕಿಂತ ಸದ್ದಿಲ್ಲದ್ದು. 944ರಿಂದಾಗಿ ಉಳಿದ ಚುಕ್ಕೆಗಳೆಲ್ಲ ಒಂದು ಮೂಲೆಗೆ ಒತ್ತಿಕೊಳ್ಳುತ್ತವೆ, ಅಕ್ಷವನ್ನು 400ಕ್ಕೆ ನಿಲ್ಲಿಸೋಣ ಅನ್ನಿಸುತ್ತದೆ. ವೈಲಿಮ್ ಅಥವಾ ಎಕ್ಸ್‌ಲಿಮ್ ಬಳಸಿದರೆ ಜಿಜಿಪ್ಲಾಟ್ ಆ ಚುಕ್ಕೆಯನ್ನು ಕಣ್ಣಿಂದಷ್ಟೇ ಅಲ್ಲ, ಲೆಕ್ಕದಿಂದಲೂ ತೆಗೆದು ಹಾಕುತ್ತದೆ. ಒಂದು ಸಾಲು ತೆಗೆದೆ ಎಂಬ ಎಚ್ಚರಿಕೆ ಕನ್ಸೋಲ್‌ನಲ್ಲಿ ಬರುತ್ತದೆ, ಅದನ್ನು ಓದುವವರು ಕಡಿಮೆ. ರೇಖೆಯೂ ಸಮೀಕರಣವೂ ಬದಲಾಗಿರುತ್ತವೆ. ಕೋಆರ್ಡ್_ಕಾರ್ಟೀಸಿಯನ್‌ನಲ್ಲಿ ಮಿತಿ ಕೊಟ್ಟರೆ ಮಾತ್ರ ಚುಕ್ಕೆ ಚೌಕಟ್ಟಿನಾಚೆ ಹೋದರೂ ಲೆಕ್ಕದಲ್ಲಿ ಉಳಿಯುತ್ತದೆ. ಚುಕ್ಕೆಯನ್ನು ಬಿಡುವುದೇ ಸರಿ ಅನ್ನಿಸಿದರೆ ಬಿಡಿ, ಆದರೆ ಡೇಟಾದಿಂದ ಬಿಟ್ಟು ನಕ್ಷೆಯ ಕೆಳಗೆ ಬರೆಯಿರಿ. ಅಕ್ಷದ ಮಿತಿಯ ಹಿಂದೆ ಅಡಗಿಸಬೇಡಿ.

ಲಾಗ್ ಅಕ್ಷದಲ್ಲೂ ಇದೇ ಬಗೆಯ ಮೋಸವಿದೆ. ಸ್ಕೇಲ್_ಎಕ್ಸ್_ಲಾಗ್10 ಹಾಕಿದಾಗ ಬದಲಾವಣೆ ಮೊದಲು, ರಿಗ್ರೆಶನ್ ಆಮೇಲೆ. ಸಮೀಕರಣದಲ್ಲಿರುವುದು ಆಧಾರ 10ರ ಲಾಗ್, ಅಕ್ಷದ ಮೇಲೆ ಕಾಣುವುದು 10, 100, 1000 ಎಂಬ ಮೂಲ ಅಳತೆ. ಓದುವವರು 100 ಹಾಕಿ ಲೆಕ್ಕ ಮಾಡುತ್ತಾರೆ, ಹಾಕಬೇಕಾದ್ದು 2. ಸ್ಟ್ಯಾಟ್_ಪಾಲಿ_ಇಕ್ಯೂನಲ್ಲಿ ಸಮೀಕರಣದ ಎಡಬಲದ ಹೆಸರುಗಳನ್ನು ಬದಲಿಸುವ ಸೌಲಭ್ಯವಿದೆ, ಲಾಗ್ ಎಂದು ಅಲ್ಲಿ ಬರೆಯಲೇಬೇಕು.

ಆರ್² ಬಗ್ಗೆ ಒಂದು ಮಾತು. ಮೂರು ಗುಂಪಿಗೆ ಮೂರು ಆರ್² ಬರೆದ ಕೂಡಲೇ ಕಣ್ಣು ಅವನ್ನೇ ಹೋಲಿಸುತ್ತದೆ. ಅಡ್ಡ ಅಕ್ಷದಲ್ಲಿ ಹೆಚ್ಚು ಹರಡಿಕೊಂಡ ಗುಂಪಿಗೆ, ಇಳಿಜಾರೂ ಉಳಿಕೆಯೂ ಅವೇ ಇದ್ದರೂ, ಆರ್² ಹೆಚ್ಚು ಬರುತ್ತದೆ. ಹಳೆಯ ಡೇಟಾಕ್ಕೆ ಚೆನ್ನಾಗಿ ಹೊಂದಿತೆಂದು ನಾಳೆಗೂ ಹೊಂದಬೇಕಿಲ್ಲ. ಹವಾಮಾನ ಇಲಾಖೆ 1988ರಿಂದ ಮುಂಗಾರಿನ ಮುನ್ಸೂಚನೆಗೆ ಬಳಸುತ್ತಿದ್ದ 16 ಅಂಶಗಳ ಪವರ್ ರಿಗ್ರೆಶನ್ ಮಾದರಿ 2002ರ ಬರವನ್ನು ಕಾಣಲಿಲ್ಲ. ಆ ವರ್ಷ ದೇಶದ ಮುಂಗಾರು ವಾಡಿಕೆಗಿಂತ 19% ಕಡಿಮೆ, ಮರುವರ್ಷವೇ ಮಾದರಿ ಬದಲಾಯಿತು. ಗುಂಪುಗಳ ಹೋಲಿಕೆಯೇ ಮುಖ್ಯವಾದರೆ ಆರ್² ಬಿಟ್ಟು ಇಳಿಜಾರು ಮತ್ತು ಅದರ 95% ವಿಶ್ವಾಸಾಂತರ ಬರೆಯುವುದು ವಾಸಿ.

ಎಲ್ಲಿ ಬರೆಯುವುದು, ಯಾವ ಅಕ್ಷರದಲ್ಲಿ

ಸ್ಟ್ಯಾಟ್_ಪಾಲಿ_ಇಕ್ಯೂ ಸಮೀಕರಣಗಳನ್ನು ಎಡ ಮೇಲ್ಮೂಲೆಯಲ್ಲಿ ಒಂದರ ಕೆಳಗೊಂದು ಜೋಡಿಸುತ್ತದೆ. ಅಂತರ ಸಾಲದಿದ್ದರೆ ವಿಸ್ಟೆಪ್ ಹೆಚ್ಚಿಸಿ. ಗುಂಪಿಗೊಂದು ಚೌಕಟ್ಟು ಮಾಡಿದಾಗ ಮಾತ್ರ ಎರಡನೇ ಚೌಕಟ್ಟಿನ ಸಮೀಕರಣ ಎರಡನೇ ಮೆಟ್ಟಿಲಲ್ಲಿ, ಮೂರನೆಯದು ಮೂರನೇ ಮೆಟ್ಟಿಲಲ್ಲಿ ನಿಲ್ಲುತ್ತದೆ. ಅದು ಗುಂಪಿನ ಕ್ರಮಸಂಖ್ಯೆ ಎಣಿಸುತ್ತದೆ, ಚೌಕಟ್ಟನ್ನಲ್ಲ. ಲೇಬಲ್.ವೈ ಒಂದೇ ಬೆಲೆ ಕೊಟ್ಟರೆ ಎಲ್ಲ ಒಂದೇ ಎತ್ತರಕ್ಕೆ ಬರುತ್ತವೆ.

ಬಣ್ಣವೊಂದನ್ನೇ ನಂಬಬೇಡಿ. ಪ್ರಬಂಧ ಕೊನೆಗೆ ಝೆರಾಕ್ಸ್ ಅಂಗಡಿಗೇ ಹೋಗುವುದು, ಅಲ್ಲಿ ಮೂರು ಬಣ್ಣವೂ ಒಂದೇ ಬೂದಿ. ಸಮೀಕರಣದ ಮುಂದೆ ಗುಂಪಿನ ಹೆಸರಿರಲಿ, ರೇಖೆಗಳಿಗೆ ತುಂಡುಗೆರೆ, ಚುಕ್ಕೆಗೆರೆ ಇರಲಿ. ಅಕ್ಷರದ ಗಾತ್ರ ಈ ಪದರಗಳಲ್ಲಿ ಮಿಲಿಮೀಟರ್ ಲೆಕ್ಕ: 10 ಪಾಯಿಂಟ್ ಬೇಕಾದರೆ 2.845ರಿಂದ ಭಾಗಿಸಿ 3.5 ಕೊಡಬೇಕು. 10 ಎಂದೇ ಕೊಟ್ಟರೆ ಸಮೀಕರಣ ಅರ್ಧ ನಕ್ಷೆ ತುಂಬುತ್ತದೆ. ನಾಲ್ಕೈದು ಗುಂಪು ದಾಟಿದರೆ ನಕ್ಷೆಯ ಮೇಲೆ ಸಮೀಕರಣ ಬರೆಯುವುದನ್ನೇ ಬಿಟ್ಟು ಕೆಳಗೊಂದು ಟೇಬಲ್ ಹಾಕಿ.

ಕನ್ನಡ ಸಂಘದ ಸಂಚಿಕೆಗೋ ಪತ್ರಿಕೆಗೋ ಕನ್ನಡದಲ್ಲೇ ನಕ್ಷೆ ಮಾಡುವವರಿಗೆ ಇನ್ನೊಂದು ಸುತ್ತು ಕೆಲಸ. ಆರ್‌ನ ಮಾಮೂಲಿ ಪಿಡಿಎಫ್ ಸಾಧನಕ್ಕೆ ಕನ್ನಡ ಬರುವುದಿಲ್ಲ. ಒತ್ತಕ್ಷರ ಬಿಡಿಬಿಡಿಯಾಗದೆ, ಗುಣಿತ ಸರಿಯಾಗಿ ಕೂರಬೇಕಾದರೆ ಅಕ್ಷರ ಜೋಡಿಸುವ ಹಾರ್ಫ್‌ಬಜ್ ಬಳಸುವ ಸಾಧನ ಬೇಕು. ರ‍್ಯಾಗ್ ಪ್ಯಾಕೇಜಿನ ಪಿಎನ್‌ಜಿ ಅಂಥದ್ದು. ಫಾಂಟ್‌ಗೆ ನೋಟೋ ಸ್ಯಾನ್ಸ್ ಕನ್ನಡ ಸಾಕು. ಸರಳ ರೇಖೆಯ ಸಮೀಕರಣಕ್ಕೆ ಪ್ಲಾಟ್‌ಮ್ಯಾತ್ ಬೇಕೇ ಬೇಕೆಂದಿಲ್ಲ. ಅಗಲ, ಉದ್ದ ಎಂಬ ಹೆಸರು ಹಾಕಿ ಬರಿಯ ಪಠ್ಯವಾಗಿಯೇ ಕಟ್ಟಿ, ವರ್ಗಕ್ಕೆ ಯೂನಿಕೋಡ್‌ನ ಸಣ್ಣ 2 ಹಾಕಿ, ಪಾರ್ಸ್ ಆಫ್ ಮಾಡಿ. ಪಾರ್ಸ್ ಬೇಕೇ ಬೇಕೆಂದರೆ ಕನ್ನಡದ ಪದಗಳೆಲ್ಲ ಉದ್ಧರಣ ಚಿಹ್ನೆಯೊಳಗಿರಲಿ.

ಎಕ್ಸೆಲ್‌ನವರಿಗೆ ಮುಖ್ಯವಾಗಿ ಎರಡು ಎಚ್ಚರಿಕೆ. ಪ್ರತಿ ಗುಂಪೂ ಬೇರೆ ಸೀರೀಸ್ ಆಗಿರಬೇಕು, ಚಾರ್ಟ್ ಸ್ಕ್ಯಾಟರ್ ಆಗಿರಬೇಕು. ಲೈನ್ ಚಾರ್ಟ್‌ನಲ್ಲಿ ಟ್ರೆಂಡ್‌ಲೈನ್ ಹಾಕಿದರೆ ಎಕ್ಸೆಲ್ ಅಡ್ಡ ಅಕ್ಷದ ಬೆಲೆಗಳನ್ನು ಬದಿಗಿಟ್ಟು 1, 2, 3 ಎಂದು ಎಣಿಸಿ ಸಮೀಕರಣ ಕೊಡುತ್ತದೆ. ಲೇಬಲ್ಲಿನ ಅಂಕಿಗಳನ್ನು ಫಾರ್ಮ್ಯಾಟ್ ಟ್ರೆಂಡ್‌ಲೈನ್ ಲೇಬಲ್‌ನಲ್ಲಿ ಹೆಚ್ಚಿಸಿಕೊಳ್ಳಿ. ಕೈಯಲ್ಲಿ ತಿದ್ದಿದರೆ ಆ ಲೇಬಲ್ ಅಲ್ಲಿಗೆ ಕಲ್ಲಾಯಿತು, ಡೇಟಾ ಬದಲಾದರೂ ಬದಲಾಗುವುದಿಲ್ಲ. ಪೈಥಾನ್‌ನಲ್ಲಿ ಸೀಬಾರ್ನ್ ಗುಂಪುವಾರು ರೇಖೆ ಎಳೆಯುತ್ತದೆ, ಸಮೀಕರಣ ಕೊಡುವುದಿಲ್ಲ. ನಂಪೈಯ ಪಾಲಿಫಿಟ್‌ನಿಂದ ತೆಗೆಯುವವರು ಅದು ಇಳಿಜಾರನ್ನು ಮೊದಲು, ಇಂಟರ್‌ಸೆಪ್ಟನ್ನು ಆಮೇಲೆ ಕೊಡುತ್ತದೆಂದು ನೆನಪಿಡಬೇಕು. ಸೈಪೈಯ ಲಿನ್‌ರಿಗ್ರೆಸ್ ಕೊಡುವ ಆರ್ ಅನ್ನು, ಆರ್² ಬೇಕಾದರೆ, ವರ್ಗ ಮಾಡಬೇಕು.

ಇಷ್ಟೆಲ್ಲ ಮುಗಿದ ಮೇಲೆ ನಕ್ಷೆಯನ್ನು ಅಚ್ಚು ಹಾಕಿ, ಪ್ರತಿ ರೇಖೆಗೂ ಎರಡು ತುದಿಯ ಬಳಿ ಒಂದೊಂದು ಬೆಲೆ ಆರಿಸಿ, ಲೇಬಲ್ಲಿನ ಸಮೀಕರಣದಿಂದಲೇ ಕ್ಯಾಲ್ಕುಲೇಟರ್‌ನಲ್ಲಿ ಲೆಕ್ಕ ಹಾಕಿ ಪೆನ್ಸಿಲ್‌ನಲ್ಲಿ ಗುರುತು ಮಾಡಿ. ವರ್ಸಿಕಲರ್‌ಗೆ ಉದ್ದ 6 ಎಂದರೆ 0.872 + 1.92, ಅಂದರೆ 2.79, ರೇಖೆ ಅಲ್ಲೇ ಹೋಗಬೇಕು. ಎರಡು ಗುರುತೂ ರೇಖೆಗೆ ಸಮಾನಾಂತರವಾಗಿ ಆಚೆ ಬಿದ್ದರೆ ತಪ್ಪಿರುವುದು ಇಂಟರ್‌ಸೆಪ್ಟ್: ಕಳೆದ 2000 ಅಥವಾ 5 ಅನ್ನು ಲೇಬಲ್ಲಿನಲ್ಲಿ ಬರೆಯದೆ ಬಿಟ್ಟದ್ದು. ಎಡಗಡೆ ಕೂಡಿ ಬಲಗಡೆ ಬೇರಾದರೆ ಇಳಿಜಾರಿನ ಅಂಕಿ ಸಾಲದು, ಇಲ್ಲವೇ ಲಾಗ್‌ನ ಆಧಾರ ಬೇರೆ. ಒಂದು ಗುಂಪಿನ ಗುರುತುಗಳು ಕರಾರುವಾಕ್ಕಾಗಿ ಇನ್ನೊಂದು ಗುಂಪಿನ ರೇಖೆಯ ಮೇಲೆ ಕೂತರೆ ಲೇಬಲ್‌ಗಳು ಅದಲುಬದಲಾಗಿವೆ. ಫ್ಯಾಕ್ಟರ್ ಗುಂಪುಗಳನ್ನು ಅಕಾರಾದಿಯಲ್ಲಿ ಜೋಡಿಸಿಕೊಂಡಿರುತ್ತದೆ, ನೀವು ಕೈಯಲ್ಲಿ ಬರೆದುಕೊಟ್ಟ ಲೇಬಲ್‌ಗಳು ಡೇಟಾದಲ್ಲಿ ಬಂದ ಕ್ರಮದಲ್ಲಿರುತ್ತವೆ. ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್ ಎಂದು ಕನ್ನಡದಲ್ಲಿ ಬರೆದಾಗ ಆಗಸ್ಟ್ ಮೊದಲಿಗೆ ಬರುತ್ತದೆ, ಜುಲೈ ಜೂನ್‌ಗಿಂತ ಮುಂದೆ ಹೋಗುತ್ತದೆ. ಲೆವೆಲ್ಸ್‌ನಲ್ಲಿ ಕ್ರಮವನ್ನು ನೀವೇ ಬರೆದುಕೊಡಿ.